ರಂಗೋಲಿ ಹಾಕುವ ಹುಡುಗನಿಗೆ ಯಾವ ಚಿತ್ರಪುಸ್ತಕ ಓದಿಸಲಿ?

ನವನಗರದ ತಾಯಿ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆಯ ನವನಗರದವರು. ಮಗನಿಗೆ ಆರು ವರ್ಷ, ಒಂದನೆಯ ತರಗತಿ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ನಾನು ರಂಗೋಲಿಗೆ ಕುಳಿತರೆ ಅವನೂ ಹಾಸಿಗೆಯಿಂದ ಎದ್ದು ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ. ಮೊದಲು ಚುಕ್ಕಿ ಇಡುತ್ತಿದ್ದ, ಆಮೇಲೆ ಎಳೆ ಎಳೆಯಲು ಕಲಿತ. ಎಡಗೈಯಲ್ಲಿ ಪುಡಿ ಬಿಡುತ್ತಾನೆ. ಅವನ ಎಳೆ ನನ್ನ ಎಳೆಗಿಂತ ಸಣ್ಣದಾಗಿ, ನಡುಗದೆ ಬರುತ್ತದೆ.

ಕಳೆದ ತಿಂಗಳು ನಮ್ಮ ಮನೆಯಲ್ಲಿ ಮದುವೆ ಇತ್ತು. ಅರಿಶಿನದ ದಿನ ಹಂದರದ ಕೆಳಗೆ ಅವನೊಬ್ಬನೇ ಕುಳಿತು ಐದು ಚುಕ್ಕಿಯ ರಂಗೋಲಿ ಹಾಕಿದ. ನೆಂಟರಲ್ಲಿ ಒಬ್ಬರು ನೋಡಿ, "ಇವನಿಗೂ ಒಂದು ಸೀರೆ ತನ್ನಿ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಮರುದಿನ ಬೆಳಿಗ್ಗೆ ನಾನು ಹಾಕಿದ ರಂಗೋಲಿಯ ಮೇಲೆ ನಿಂತು ಹಿಮ್ಮಡಿಯಿಂದ ಉಜ್ಜಿ ಅಳಿಸಿದ. ಅಂದಿನಿಂದ ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದಾನೆ.

ಯಾರೋ ಹೇಳಿದರೆಂದು ಒಂದು ಚಿತ್ರಪುಸ್ತಕ ತಂದೆ. ಬೇರೆ ಮೀನುಗಳಂತಿಲ್ಲದ ಒಂದು ಮೀನಿನ ಕಥೆ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ, "ಮಕ್ಕಳೇ, ನೀವು ಹೇಗಿದ್ದೀರೋ ಹಾಗೆಯೇ ಇರಿ" ಎಂದಿತ್ತು. ಮಗ ಅಷ್ಟು ಕೇಳಿದವನೇ ಪುಸ್ತಕ ಮುಚ್ಚಿ, "ಇದು ಶಾಲೆಯ ಪುಸ್ತಕ" ಎಂದು ಕಪಾಟಿನ ಹಿಂದೆ ತಳ್ಳಿದ.

ಇಂಥ ವಿಷಯಕ್ಕೆ ಒಳ್ಳೆಯ ಕನ್ನಡ ಚಿತ್ರಪುಸ್ತಕಗಳು ಎಲ್ಲಿ ಸಿಗುತ್ತವೆ? ಹೇಗೆ ಓದಿಸಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಘಟಪ್ರಭಾ ದಂಡೆ
ಸೋಮವಾರ, ರಾತ್ರಿ 10:05

ಅಕ್ಕಾ, ಮೊದಲು ಸಿಗುವ ಜಾಗಗಳನ್ನು ಹೇಳುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಆರಂಭವಾದ ಸಂಸ್ಥೆ. ಅವರ ಸ್ಟೋರಿವೀವರ್ ಎಂಬ ಜಾಲತಾಣ 2015ರಿಂದ ಇದೆ. ಕನ್ನಡದ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು. ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಮಾತು ಬದಲಿಸಿ ನಿಮ್ಮದೇ ರೂಪ ಮಾಡಿಕೊಳ್ಳುವುದಕ್ಕೂ ಅನುಮತಿ ಇದೆ. ಹಂತ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ, ನಿಮ್ಮ ಮಗನಿಗೆ ಒಂದು ಮತ್ತು ಎರಡು ಸರಿಹೋಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಕನ್ನಡದಲ್ಲೂ ಇವೆ, ಬೆಲೆ ಕಡಿಮೆ. ಚೆನ್ನೈನ ತೂಲಿಕಾದವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳನ್ನು ಮಾಡುತ್ತಾರೆ.

ಮೊಬೈಲಿನಲ್ಲಿ ತೋರಿಸಬೇಡಿ, ಮುದ್ರಿಸಿ ಕೈಗೆ ಕೊಡಿ. ನಾನು ಗೋಕಾಕದಲ್ಲಿ ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಮಗಳಿಗೆ ಕೊಟ್ಟೆ. ಬಣ್ಣ ಅವಳೇ ತುಂಬಿದಳು. ಆ ಪುಸ್ತಕವನ್ನು ಅವಳು ಈಗಲೂ ಯಾರಿಗೂ ಕೊಡುವುದಿಲ್ಲ.

ನೇರ ಮಾತು
ಸೋಮವಾರ, ರಾತ್ರಿ 10:31

ಕ್ಷಮಿಸಿ, ನನಗೆ ಈ ಹುಡುಕಾಟವೇ ಅರ್ಥವಾಗುತ್ತಿಲ್ಲ. ನಕ್ಕವರು ದೊಡ್ಡವರು. ಪುಸ್ತಕ ಓದಬೇಕಾದದ್ದು ಹುಡುಗನೇ? ಆ ನೆಂಟರಿಗೆ ಅಲ್ಲೇ ಎದ್ದು ನಿಂತು ಒಂದು ಮಾತು ಹೇಳಿದ್ದರೆ ಅವನು ಹಿಮ್ಮಡಿಯಿಂದ ಅಳಿಸುತ್ತಿರಲಿಲ್ಲ. ತಾಯಿ ಸುಮ್ಮನಿದ್ದದ್ದನ್ನು ಮಗ ನೋಡಿದ್ದಾನೆ. ಅದನ್ನು ಯಾವ ಚಿತ್ರಪುಸ್ತಕವೂ ಅಳಿಸುವುದಿಲ್ಲ.

ಶಹಾಪುರ ಓಣಿ
ಸೋಮವಾರ, ರಾತ್ರಿ 10:38

ಮದುವೆ ಮನೆಯಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಎದುರು ನಿಂತು ಮಾತನಾಡುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿಲ್ಲ ಸರ್.

ನವನಗರದ ತಾಯಿ
ಸೋಮವಾರ, ರಾತ್ರಿ 10:52

ನೇರ ಮಾತು ಸರ್, ನೀವು ಹೇಳಿದ್ದು ನಿಜ. ಸುಮ್ಮನಿದ್ದೆ. ಕೈಯಲ್ಲಿ ಅರಿಶಿನದ ತಟ್ಟೆ ಇತ್ತು, ಅತ್ತೆ ಪಕ್ಕದಲ್ಲಿದ್ದರು. ಆ ಕ್ಷಣ ಹೋಯಿತು. ಈಗ ಏನು ಮಾಡಬಹುದು ಎಂದು ಕೇಳುತ್ತಿದ್ದೇನೆ.

ಕಂಡಿಕೆ
ಮಂಗಳವಾರ, ಬೆಳಿಗ್ಗೆ 7:15

ಆ ಮದುವೆಯಲ್ಲಿ ಬುಂದಿ ಕರಿದವರು ಯಾರು? ಹುಗ್ಗಿ ಮಾಡಿದವರು ಯಾರು? ಗಂಡಸರೇ ಅಲ್ಲವೇ? ಅವರು ಮಾಡಿದ್ದನ್ನು ಉಂಡು, ರಂಗೋಲಿ ಹಾಕಿದ ಹುಡುಗನನ್ನು ನೋಡಿ ನಕ್ಕರು. ನನಗೆ ಸಿಟ್ಟು ಬರುವುದು ಇಲ್ಲೇ.

ನಾನು ಇಳಕಲ್ಲಿನವಳು. ನಮ್ಮ ಮನೆಯಲ್ಲಿ ಮೂರು ತಲೆಮಾರು ನೇಕಾರಿಕೆ. ಮಗ್ಗದ ಮೇಲೆ ಕುಳಿತು ಹೆಂಗಸರ ಸೀರೆಗೆ ತೋಪು ತೆನೆಯ ಸೆರಗು ನೇಯುತ್ತಿದ್ದವರು ನನ್ನ ಮುತ್ಯಾ, ಅಂದರೆ ಅಜ್ಜ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಆಯಿ, ಅಂದರೆ ಅಜ್ಜಿ. ಸೀರೆಯ ಬಣ್ಣ, ದಡಿ, ಒಡಲು ಎಲ್ಲದರ ಬಗ್ಗೆ ಮುತ್ಯಾ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಒಬ್ಬರೂ ನಗಲಿಲ್ಲ, ಏಕೆಂದರೆ ಅದಕ್ಕೆ ಕೂಲಿ ಬರುತ್ತಿತ್ತು. ಗಂಡಸು ಬಣ್ಣ, ಎಳೆ, ಹೂವಿನ ವಿಷಯದಲ್ಲಿ ಕೈಯಾಡಿಸಿದರೆ ಅದು ಕಸುಬು. ಅದನ್ನೇ ಆರು ವರ್ಷದ ಹುಡುಗ ಪ್ರೀತಿಯಿಂದ ಮಾಡಿದರೆ ನಗೆ.

ಈಗ ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತೇನೆ. ಆ ಮೀನಿನ ಪುಸ್ತಕದ ಬಗ್ಗೆ ಸಂಜೆ ಬರೆಯುತ್ತೇನೆ, ಈಗ ಕೆಲಸವಿದೆ.

ಸಿಂದಗಿ ಅಕ್ಕೋರು
ಮಂಗಳವಾರ, ಮಧ್ಯಾಹ್ನ 1:20

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಹನ್ನೊಂದು ವರ್ಷಗಳಿಂದ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ನಲಿಕಲಿ (ಚಟುವಟಿಕೆಯಿಂದ ಕಲಿಯುವ) ಮಕ್ಕಳ ಜೊತೆಗಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಎಲ್ಲರಿಗೂ "ನಿಮ್ಮ ಮುಖ ಬಿಡಿಸಿ" ಎಂದೆ. ಮಧ್ಯದಲ್ಲಿ ಬಣ್ಣದ ಡಬ್ಬಿ ಇಟ್ಟಿದ್ದೆ. ಮಕ್ಕಳೆಲ್ಲ ಒಂದು ತಿಳಿಗುಲಾಬಿ ಬಣ್ಣದ ಕಡ್ಡಿಗಾಗಿ ಜಗಳವಾಡತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರೇ "ಮೈಬಣ್ಣ". ಇಡೀ ತರಗತಿಯಲ್ಲಿ ಆ ಬಣ್ಣದ ಮಗು ಒಂದೂ ಇಲ್ಲ. ಒಬ್ಬ ಹುಡುಗಿ, ತುಂಬ ಕಪ್ಪು, ತುಂಬ ಚುರುಕು, ಕಣ್ಣು, ಮೂಗು, ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್ ಎಲ್ಲ ಬಿಡಿಸಿ ಮುಖವನ್ನು ಬಿಳಿಯಾಗಿಯೇ ಬಿಟ್ಟಿದ್ದಳು. "ಏಕವ್ವಾ?" ಎಂದರೆ, "ನನ್ನ ಬಣ್ಣ ಡಬ್ಬಿಯಲ್ಲಿಲ್ಲ" ಎಂದಳು. ಡಬ್ಬಿಯಲ್ಲಿ ಕಂದು ಬಣ್ಣ ಇತ್ತು. ಅದನ್ನು ಅವಳು ಮರದ ಕಾಂಡಕ್ಕೆ ಬಳಸಿದ್ದಳು.

ಮರುದಿನ ನಾನು ಆ ವಿಷಯಕ್ಕೆ ಭಾಷಣ ಮಾಡಲಿಲ್ಲ. ಸುಮ್ಮನೆ ಒಂದು ಚಿತ್ರಪುಸ್ತಕ ಓದಿದೆ. ಕಥೆ ಕಳೆದುಹೋದ ಆಡಿನ ಮರಿಯದು. ಮರಿ ಹುಡುಕಲು ಹೋಗುವ ಹುಡುಗಿಯನ್ನು ಚಿತ್ರಕಾರರು ಕಂದು ಬಣ್ಣದಲ್ಲಿ ಬಿಡಿಸಿದ್ದರು. ಕಥೆಯಲ್ಲಿ ಬಣ್ಣದ ಮಾತೇ ಇಲ್ಲ. ಮಕ್ಕಳು ನನ್ನಿಂದ ಮೂರು ಸಲ ಓದಿಸಿದರು. ನಾಲ್ಕನೆಯ ದಿನ ಆ ಹುಡುಗಿ ಹಳೆಯ ಹಾಳೆ ಕೇಳಿ ತೆಗೆದುಕೊಂಡು ಮುಖಕ್ಕೆ ಬಣ್ಣ ತುಂಬಿದಳು. ಕಂದು ತುಂಬಿ, ಅದರ ಮೇಲೆ ಸ್ವಲ್ಪ ಕಿತ್ತಳೆ ತಿಕ್ಕಿದಳು. ನಿಜವಾಗಿಯೂ ಅವಳ ಬಣ್ಣವೇ ಬಂದಿತ್ತು.

ಆದ್ದರಿಂದ ನನ್ನ ಮಾತು ಇಷ್ಟು: ರಂಗೋಲಿ ಹಾಕುವ ಹುಡುಗನನ್ನು ನೋಡಿ ಜನ ನಕ್ಕರು, ಆಮೇಲೆ ಮೆಚ್ಚಿದರು ಎಂಬ ಕಥೆ ಹುಡುಕಬೇಡಿ. ಅಂಥ ಕಥೆ ಅವನಿಗೆ ಆ ನಗುವನ್ನೇ ಮತ್ತೆ ಕೇಳಿಸುತ್ತದೆ. ಯಾವುದೋ ಬೇರೆ ಕಥೆಯಲ್ಲಿ, ಚಿತ್ರದ ಮೂಲೆಯಲ್ಲಿ ಒಬ್ಬ ಹುಡುಗ ರಂಗೋಲಿ ಹಾಕುತ್ತಿದ್ದರೆ ಸಾಕು.

ಒಂದು ಸಾಲಿನವ
ಮಂಗಳವಾರ, ಮಧ್ಯಾಹ್ನ 1:44

ಅಕ್ಕೋರೆ, "ನನ್ನ ಬಣ್ಣ ಡಬ್ಬಿಯಲ್ಲಿಲ್ಲ" ಓದಿ ಕೈಯಲ್ಲಿದ್ದ ಚಹಾ ಹಾಗೆಯೇ ಆರಿತು.

ಘಟಪ್ರಭಾ ದಂಡೆ
ಮಂಗಳವಾರ, ಮಧ್ಯಾಹ್ನ 2:10

ಅಮೆರಿಕದ ಕ್ರೆಯೋಲಾ ಕಂಪನಿಯ ಡಬ್ಬಿಯಲ್ಲೂ "ಮೈಬಣ್ಣ" ಎಂಬ ಹೆಸರಿನ ಕಡ್ಡಿ ಇತ್ತು. 1962ರಲ್ಲಿ ಅದರ ಹೆಸರನ್ನು ಪೀಚ್ ಹಣ್ಣಿನ ಬಣ್ಣ ಎಂದು ಬದಲಿಸಿದರು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಕೆನೆತ್ ಮತ್ತು ಮೇಮೀ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಅಲ್ಲಿನ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು "ಒಳ್ಳೆಯ ಗೊಂಬೆ ಯಾವುದು?" ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಶಾಲೆಗಳಲ್ಲಿ ವರ್ಣಭೇದ ಕೂಡದು ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಇವರ ಕೆಲಸದ ಉಲ್ಲೇಖ ಇದೆ. ನಮ್ಮ ಸಿಂದಗಿಯ ತರಗತಿಯಲ್ಲಿ ಅದೇ ನಡೆದಿದೆ ನೋಡಿ.

ಮುತ್ಯಾ, ಜಮಖಂಡಿ
ಮಂಗಳವಾರ, ಸಂಜೆ 5:30

ನಾನು ನಿವೃತ್ತ ಮನುಷ್ಯ, ಮೊಮ್ಮಕ್ಕಳು ಮೂವರು. ಚಿತ್ರಪುಸ್ತಕಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುತ್ತಿದ್ದೇನೆ. ನಮ್ಮ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಕೌದಿ ಹಾಸಿಕೊಂಡು ಮಲಗಿದರೆ ನಮ್ಮವ್ವ ಕಥೆ ಹೇಳುತ್ತಿದ್ದಳು. "ಒಂದಾನೊಂದು ಊರು" ಎಂದರೆ ನನಗೆ ನನ್ನ ಊರೇ ಕಾಣುತ್ತಿತ್ತು, "ಒಬ್ಬ ಹುಡುಗ" ಎಂದರೆ ನಾನೇ. ಚಿತ್ರ ಮುಂದೆ ಇಟ್ಟ ಕೂಡಲೇ ಆ ಹುಡುಗ ಬೇರೆಯವನಾಗುತ್ತಾನೆ. ಚಿತ್ರಕಾರ ಬಿಡಿಸಿದ ಮೂಗೇ ಮೂಗು. ಬಾಯಿಂದ ಹೇಳಿದ ಕಥೆಯಲ್ಲಿ ಪ್ರತಿ ಮಗುವೂ ತನ್ನ ಮುಖವನ್ನು ತಾನೇ ಹಾಕಿಕೊಳ್ಳುತ್ತದೆ.

ಕಂಡಿಕೆ
ಮಂಗಳವಾರ, ಸಂಜೆ 6:50

ಮುತ್ಯಾ, ನಿಮ್ಮ ಮಾತಿನ ತೂಕ ನನಗೆ ಗೊತ್ತು. ಚಿತ್ರ ಬಿಡಿಸುವವಳಿಗೆ ದಿನವೂ ಕಾಡುವ ಪ್ರಶ್ನೆ ಅದು. ಆದರೆ ನೀವು ಅಂಗಳದಲ್ಲಿ ಮಲಗಿದ್ದಾಗ ನಿಮ್ಮ ತಲೆಯಲ್ಲಿ ಬೇರೆ ಚಿತ್ರಗಳಿರಲಿಲ್ಲ. ಇಂದಿನ ಮಗು ಕಥೆ ಕೇಳುವ ಮೊದಲೇ ಟಿವಿಯಲ್ಲಿ, ಮೊಬೈಲಿನಲ್ಲಿ, ಸಾಬೂನಿನ ಜಾಹೀರಾತಿನಲ್ಲಿ ಸಾವಿರ ಮುಖ ನೋಡಿರುತ್ತದೆ. "ಒಬ್ಬ ಸುಂದರ ಹುಡುಗಿ" ಎಂದರೆ ಅಕ್ಕೋರ ತರಗತಿಯ ಆ ಹುಡುಗಿಗೆ ತನ್ನ ಮುಖ ಕಾಣಲಿಲ್ಲ, ಬಿಳಿ ಹಾಳೆ ಕಂಡಿತು. ಅದಕ್ಕೇ ನಾವು ಬಿಡಿಸಿ ತೋರಿಸಬೇಕಾಗಿದೆ.

ಈಗ ಮೀನಿನ ಪುಸ್ತಕ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುತ್ತದೆ. ದೊಡ್ಡ ಹಾಳೆಯ ಎರಡೂ ಬದಿ ಮುದ್ರಿಸಿ ಮಡಚಿದರೆ 16 ಪುಟ, ಅಂಥವು ಎರಡು ಸೇರಿದರೆ 32. ಹೆಸರು, ಮುದ್ರಣದ ವಿವರ ಕಳೆದು ಕಥೆಗೆ ಹನ್ನೆರಡು ಹದಿಮೂರು ಜೋಡಿಪುಟ ಉಳಿಯುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಜಾಗ ವ್ಯರ್ಥ. "ಅವ್ವ ಸಂತೆಗೆ ಹೋದಳು" ಎಂದು ಮಾತು ಹೇಳಿದರೆ, ಅವ್ವ ಮೋಟಾರ್ ಸೈಕಲ್ ಓಡಿಸಿಕೊಂಡು ಹೋದದ್ದನ್ನು ಚಿತ್ರ ಹೇಳಬೇಕು. ಮಗು ಅದನ್ನು ತಾನೇ ಕಂಡುಹಿಡಿಯುತ್ತದೆ. ತಾನೇ ಕಂಡದ್ದನ್ನು ಮಗು ನಂಬುತ್ತದೆ. ಕೊನೆಯ ಪುಟದ ದಪ್ಪ ಅಕ್ಷರವನ್ನು ನಂಬುವುದಿಲ್ಲ, ಏಕೆಂದರೆ ಅದು ದೊಡ್ಡವರ ದನಿ ಎಂದು ಅದಕ್ಕೆ ಗೊತ್ತು. ನಿಮ್ಮ ಮಗ ಪುಸ್ತಕ ತಳ್ಳಿದ್ದು ಸರಿಯಾಗಿಯೇ ಇದೆ.

ಮತ್ತೊಂದು ಮಾತು. ದೊಡ್ಡವರು ಅಕ್ಷರ ಓದಿ ಮುಗಿದ ಕೂಡಲೇ ಪುಟ ತಿರುಗಿಸುತ್ತಾರೆ. ಮಗು ಇನ್ನೂ ಚಿತ್ರದ ಒಳಗೇ ಇರುತ್ತದೆ. ಪುಟ ತಿರುಗಿಸುವ ಕೆಲಸ ಅವನ ಕೈಗೇ ಬಿಡಿ, ಎಡಗೈಯಾದರೂ ಬಲಗೈಯಾದರೂ.

ಸಿಂದಗಿ ಅಕ್ಕೋರು
ಮಂಗಳವಾರ, ರಾತ್ರಿ 8:15

ಮುತ್ಯಾ, ಹೇಳುವ ಕಥೆ ನನಗೂ ಇಷ್ಟ. ಆದರೆ ನಮ್ಮ ಹಳೆಯ ಕಥೆಗಳಲ್ಲಿ ಕುಂಟ, ಕುರುಡ, ಗಿಡ್ಡ, ಕರಿಯ ಸೊಸೆ ಎಲ್ಲರೂ ನಗಿಸಲೆಂದೇ ಬರುತ್ತಾರೆ. ಹೇಳುವಾಗ ಅದನ್ನು ಬದಲಿಸಿ ಹೇಳುತ್ತೀರಾ?

ಮುತ್ಯಾ, ಜಮಖಂಡಿ
ಮಂಗಳವಾರ, ರಾತ್ರಿ 8:40

ಬದಲಿಸಿರಲಿಲ್ಲ. ನೀವು ಕೇಳಿದ ಮೇಲೆ ಯೋಚಿಸುತ್ತಿದ್ದೇನೆ. ನನ್ನ ಮೊಮ್ಮಗಳ ಒಂದು ಕಾಲು ಸ್ವಲ್ಪ ಗಿಡ್ಡ. ಕುಂಟನ ಕಥೆಯನ್ನು ಅವಳ ಮುಂದೆ ಎಷ್ಟೋ ಸಲ ಹೇಳಿದ್ದೇನೆ.

ಖಾನಾಪುರದ ಮಳೆ
ಬುಧವಾರ, ಬೆಳಿಗ್ಗೆ 9:05

ನಮ್ಮ ಕಡೆಯ ಕಷ್ಟ ಬೇರೆ. ನಮ್ಮ ಮಗಳು ಮನೆಯಲ್ಲಿ ಮರಾಠಿ ಮಾತನಾಡುತ್ತಾಳೆ, ಶಾಲೆಯಲ್ಲಿ ಕನ್ನಡ ಓದುತ್ತಾಳೆ, ಪಕ್ಕದ ಮನೆಯಲ್ಲಿ ಕೊಂಕಣಿ ಕೇಳುತ್ತಾಳೆ. ಶಾಲೆಯಲ್ಲಿ "ನೀನು ಮರಾಠಿಯವಳು" ಎನ್ನುತ್ತಾರೆ, ಊರಿನ ನೆಂಟರು "ನೀನು ಕನ್ನಡದವಳಾಗಿಬಿಟ್ಟೆ" ಎನ್ನುತ್ತಾರೆ. ಒಂದು ದಿನ "ನಾನು ಯಾವುದರವಳು?" ಎಂದು ಕೇಳಿದಳು. ಎರಡು ಮಾತಿನಲ್ಲೂ ಬದುಕುವ ಮಗುವಿನ ಒಂದೇ ಒಂದು ಚಿತ್ರಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಅವಳಿಗೆ ತಾನಾಗಿ ಇರುವುದು ಎಂದರೆ ಎರಡೂ ಆಗಿರುವುದು.

ಗಡಿ ಕನ್ನಡಿಗ
ಬುಧವಾರ, ಬೆಳಿಗ್ಗೆ 9:30

ಕರ್ನಾಟಕದಲ್ಲಿದ್ದು ಕನ್ನಡ ಶಾಲೆಗೆ ಹೋಗುವ ಮಗು ಕನ್ನಡದ ಮಗು. ಇದರಲ್ಲಿ ಗೊಂದಲ ಎಬ್ಬಿಸುವುದು ಏಕೆ? ಇಲ್ಲಿ ಕನ್ನಡಕ್ಕೆ ಜಾಗ ಗಟ್ಟಿ ಮಾಡಿಕೊಳ್ಳಲು ನಾವು ಎಷ್ಟು ವರ್ಷ ಹೋರಾಡಿದ್ದೇವೆ ಎಂಬುದನ್ನು ಮರೆಯಬೇಡಿ.

ಖಾನಾಪುರದ ಮಳೆ
ಬುಧವಾರ, ಬೆಳಿಗ್ಗೆ 9:48

ಹೋರಾಟವನ್ನು ಮರೆತಿಲ್ಲ ಅಣ್ಣಾ. ಮಗಳನ್ನು ಕನ್ನಡ ಶಾಲೆಗೆ ಸೇರಿಸಿದವನು ನಾನೇ. ಆದರೆ ಅವಳ ಆಜಿ ಮಲಗಿಸುವುದು ಮರಾಠಿ ಲಾಲಿಯಿಂದ. ಆ ಆಜಿಯನ್ನು ಬಿಟ್ಟು ಬಾ ಎಂದು ಏಳು ವರ್ಷದವಳಿಗೆ ಹೇಳಲೇ? ಕನ್ನಡ ಅವಳನ್ನು ಆಜಿಯ ಸಮೇತ ಕರೆದುಕೊಂಡರೆ ಅವಳು ಕನ್ನಡವನ್ನು ಎಂದೂ ಬಿಡುವುದಿಲ್ಲ.

ನಿರ್ವಾಹಕರು
ಬುಧವಾರ, ಬೆಳಿಗ್ಗೆ 10:00

ಗಡಿಯ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಮಕ್ಕಳ ಪುಸ್ತಕದ ಮಾತು ಇರಲಿ.

ಸಿಂದಗಿ ಅಕ್ಕೋರು
ಬುಧವಾರ, ಮಧ್ಯಾಹ್ನ 1:25

ಖಾನಾಪುರದವರ ಮಾತು ಗಡಿಯದಲ್ಲ, ಪುಸ್ತಕದ್ದೇ. ನನ್ನ ತರಗತಿಯಲ್ಲಿ ತಾಂಡಾದ ಮಕ್ಕಳು ಒಂಬತ್ತು ಜನ. ಮನೆಯ ಮಾತು ಲಂಬಾಣಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿ ಮಹಾರಾಷ್ಟ್ರದ ಕಡೆ ಹೋದರೆ ಕೆಲವರು ಜೊತೆಗೆ ಹೋಗುತ್ತಾರೆ, ಕೆಲವರು ಮುದುಕರ ಬಳಿ ಉಳಿಯುತ್ತಾರೆ. ಪುಸ್ತಕದ ಅಪ್ಪ ಚೀಲ ಹಿಡಿದು ಕಚೇರಿಗೆ ಹೋಗುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ಒಂದು ಪುಸ್ತಕದಲ್ಲಿ ಮಾತ್ರ ಕಥೆಗೆ ಸಂಬಂಧವೇ ಇಲ್ಲದಂತೆ ಹಿಂದಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಆ ಪುಟದ ಮೂಲೆ ಬೆರಳಿಟ್ಟು ಬೆರಳಿಟ್ಟು ಕಪ್ಪಾಗಿದೆ.

1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ಪ್ರಾಧ್ಯಾಪಕಿ ಬರೆದ ಲೇಖನವೊಂದನ್ನು ತರಬೇತಿಯಲ್ಲಿ ನಮಗೆ ಹೇಳಿದ್ದರು. ಪುಸ್ತಕ ಕೆಲವೊಮ್ಮೆ ಕಿಟಕಿ, ಬೇರೆಯವರ ಬದುಕು ಕಾಣುತ್ತದೆ. ಕೆಲವೊಮ್ಮೆ ಜಾರುವ ಗಾಜಿನ ಬಾಗಿಲು, ಒಳಗೆ ಹೋಗಿ ಬರಬಹುದು. ಬೆಳಕು ಸರಿಯಾಗಿ ಬಿದ್ದರೆ ಅದೇ ಗಾಜು ಕನ್ನಡಿ. ನಮ್ಮ ತಾಂಡಾದ ಮಕ್ಕಳಿಗೆ ಕಿಟಕಿ ಬೇಕಾದಷ್ಟು ಸಿಕ್ಕಿದೆ. ಕನ್ನಡಿ ಎಂದರೆ ಆ ಟ್ರ್ಯಾಕ್ಟರಿನ ಮೂಲೆಯೊಂದೇ.

ಓದುಮನೆ, ಬಾದಾಮಿ ತಾಲ್ಲೂಕು
ಬುಧವಾರ, ಸಂಜೆ 4:40

ನಾನು ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕ. ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರಿನಲ್ಲಿ "ಓದುವ ಬೆಳಕು" ಕಾರ್ಯಕ್ರಮ ಬಂದಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ಕೇಳಿ, ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲು ಪುಸ್ತಕಗಳನ್ನು ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಿದ್ದೆ. ಓದಲು ಬಾರದ ಮಗುವಿಗೆ ಬೆನ್ನು ನೋಡಿ ಏನು ತಿಳಿಯಬೇಕು? ಆಮೇಲೆ ಗೋಡೆಯಿಂದ ಗೋಡೆಗೆ ಸುತಳಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕ ತೂಗುಹಾಕಿದೆ. ಮಕ್ಕಳ ಎದೆಯ ಎತ್ತರಕ್ಕೆ. ಮುಖಪುಟ ಕಾಣತೊಡಗಿದ ಮೇಲೆ ಅವರೇ ಬಂದು ಎಳೆದುಕೊಂಡು ಹೋಗುತ್ತಾರೆ.

ಹುಡುಗರು ಹುಡುಗಿಯ ಚಿತ್ರವಿರುವ ಪುಸ್ತಕವನ್ನು ಗೆಳೆಯರ ಎದುರು ಮುಟ್ಟುವುದಿಲ್ಲ. ಒಬ್ಬ ಹುಡುಗ ಮಾತ್ರ ಎಲ್ಲರೂ ಹೋದಮೇಲೆ ಬಂದು, ಹುಡುಗಿಯೊಬ್ಬಳು ಕುಸ್ತಿ ಕಲಿಯುವ ಪುಸ್ತಕ ತೆಗೆದುಕೊಂಡು ಕಿಟಕಿಯ ಕೆಳಗೆ ಬೋರಲು ಮಲಗಿ ಓದುತ್ತಾನೆ. ನಾನು ಏನನ್ನೂ ಕೇಳುವುದಿಲ್ಲ. ಆ ದಿನ ಬಾಗಿಲು ಹಾಕುವುದು ಹತ್ತು ನಿಮಿಷ ತಡವಾಗುತ್ತದೆ.

ಶಹಾಪುರ ಓಣಿ
ಬುಧವಾರ, ಸಂಜೆ 5:02

ಆ ಹತ್ತು ನಿಮಿಷಕ್ಕಾಗಿ ನಿಮಗೆ ಕೈಮುಗಿಯುತ್ತೇನೆ ಸರ್.

ಗುಡ್ಡದ ದಾರಿ
ಬುಧವಾರ, ರಾತ್ರಿ 9:10

ನಾನು ಸವದತ್ತಿಯವನು. ಎಲ್ಲರೂ ಸುತ್ತಿ ಬಳಸಿ ಬರುತ್ತಿರುವ ಮಾತನ್ನು ನಾನು ಹೇಳಿಬಿಡುತ್ತೇನೆ. "ಇವನಿಗೂ ಸೀರೆ ತನ್ನಿ" ಎಂದವರಿಗೆ ಒಂದು ಹೆದರಿಕೆ ಇದೆ. ಹುಡುಗ ಹುಡುಗನಂತೆ ಆಗದಿದ್ದರೆ ಎಂಬುದು. ಮೊದಲನೆಯದಾಗಿ, ರಂಗೋಲಿ ಹಾಕಿದ ಮಾತ್ರಕ್ಕೆ ಯಾರೂ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಅವನಿಗೆ ರಂಗೋಲಿ ಇಷ್ಟ, ಅಷ್ಟೇ. ಎರಡನೆಯದು, ನಾಳೆ ಯಾವುದೋ ಮಗು ತಾನು ಎಲ್ಲರೂ ಅಂದುಕೊಂಡಂತೆ ಗಂಡಲ್ಲ ಅಥವಾ ಹೆಣ್ಣಲ್ಲ ಎಂದು ಹೇಳಿದರೂ ಅದು ನಗುವ ಮಾತಲ್ಲ.

ಭರತ ಹುಣ್ಣಿಮೆಗೆ ನಮ್ಮೂರಿನ ಎಲ್ಲಮ್ಮನ ಗುಡ್ಡಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಜನ ಬರುತ್ತಾರೆ. ಅಲ್ಲಿ ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ಜೋಗಪ್ಪಂದಿರ ಕಾಲಿಗೆ ಬಿದ್ದು ಅರಿಶಿನದ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಗುಡ್ಡ ಇಳಿದ ಮೇಲೆ ಅವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲಿನಲ್ಲೇ ಹೇಳಿದೆ. ಮಕ್ಕಳ ಪುಸ್ತಕದ ಜಾತ್ರೆಯ ಚಿತ್ರದಲ್ಲಿ ಬಳೆಗಾರ ಇರುತ್ತಾನೆ, ತೊಟ್ಟಿಲು ಇರುತ್ತದೆ, ಬೆಂಡು ಬೆತ್ತಾಸು ಇರುತ್ತದೆ. ಚೌಡಿಕೆ ಎಂಬ ತಂತಿವಾದ್ಯ ಹಿಡಿದ ಜೋಗಪ್ಪ ಮಾತ್ರ ಇರುವುದಿಲ್ಲ. ಅವರನ್ನೂ ಬಿಡಿಸಿ ಎಂದು ಕೇಳುತ್ತೇನೆ.

ಗಡಿ ಕನ್ನಡಿಗ
ಬುಧವಾರ, ರಾತ್ರಿ 9:35

ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಬೇಕೇ? ಮಕ್ಕಳು ಮಕ್ಕಳಾಗಿ ಇರಲಿ.

ಗುಡ್ಡದ ದಾರಿ
ಬುಧವಾರ, ರಾತ್ರಿ 9:41

ಚಿಕ್ಕ ಮಕ್ಕಳಿಗೆ ವಿವರಿಸಿ ಎನ್ನಲಿಲ್ಲ ಅಣ್ಣಾ. ಗುಡ್ಡಕ್ಕೆ ಹೆಗಲ ಮೇಲೆ ಕೂರಿಸಿಕೊಂಡು ಕರೆತರುತ್ತೀರಲ್ಲ, ಆಗ ಅವರು ನೋಡಿಯೇ ನೋಡುತ್ತಾರೆ. ನೋಡಿದ್ದು ಪುಸ್ತಕದಲ್ಲೂ ಇರಲಿ ಎಂದೆ. ಪಕ್ಕದ ಮನೆಯ ಚಿಗವ್ವನನ್ನು ಕರೆದಂತೆ ಅವರನ್ನೂ ಕರೆಯಲು ಮಗು ಕಲಿತರೆ ಅದಕ್ಕೆ ಏನೂ ಕೆಡುಕಾಗುವುದಿಲ್ಲ.

ಕಂಡಿಕೆ
ಬುಧವಾರ, ರಾತ್ರಿ 10:12

ಗುಡ್ಡದ ದಾರಿಯವರೇ, ಮುಂದಿನ ಜಾತ್ರೆಯ ಚಿತ್ರದಲ್ಲಿ ಬಿಡಿಸುತ್ತೇನೆ. ಚೌಡಿಕೆಯ ತಂತಿ ಯಾವ ಕಡೆ ಬರುತ್ತದೆ, ಹೇಗೆ ಹಿಡಿಯುತ್ತಾರೆ ಎಂಬುದರ ಒಂದೆರಡು ಫೋಟೋ ಕಳುಹಿಸಿ. ತಪ್ಪು ಬಿಡಿಸಿದರೆ ಅದೂ ಅವಮಾನವೇ.

ನೇರ ಮಾತು
ಗುರುವಾರ, ಬೆಳಿಗ್ಗೆ 6:20

ಮೂರು ದಿನದಿಂದ ಓದುತ್ತಿದ್ದೇನೆ. ಮೊದಲ ದಿನ ತಾಯಿಯ ಮೇಲೆ ಒರಟಾಗಿ ಬರೆದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಏಕೆ ಹಾಗೆ ಬರೆದೆ ಎಂದು ಹೇಳಬೇಕು ಅನ್ನಿಸಿತು.

ನಾನು ವಿಜಯಪುರದವನು. ಚಿಕ್ಕಂದಿನಲ್ಲಿ ಉಗ್ಗುತ್ತಿದ್ದೆ, ಈಗಲೂ ಸ್ವಲ್ಪ ಇದೆ. "ಪ" ಮತ್ತು "ಬ" ಬಂದರೆ ತುಟಿ ಅಂಟಿಕೊಳ್ಳುತ್ತಿತ್ತು. ನಾಲ್ಕನೆಯ ತರಗತಿಯಲ್ಲಿ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋದರು. ಏಳು ಅಂತಸ್ತಿನ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತೆವು. ಎಲ್ಲರೂ ತಮ್ಮ ಹೆಸರು ಕೂಗಿದರು. ನನ್ನ ಸರದಿಯಲ್ಲಿ ಹೆಸರಿನ ಮೊದಲ ಅಕ್ಷರ ಐದಾರು ಸಲ ಬಂತು, ಗುಮ್ಮಟ ಅದನ್ನೂ ಹಾಗೆಯೇ ಮತ್ತೆ ಮತ್ತೆ ಹೇಳಿತು. ಇಡೀ ಗ್ಯಾಲರಿ ನಕ್ಕಿತು. ಜೊತೆಗಿದ್ದ ಗುರುಗಳೂ ನಕ್ಕರು. ಅದು 1980ರ ಮಾತು, ಇಂದಿಗೂ ಕಿವಿಯಲ್ಲಿದೆ.

ನನಗೆ ಆಗ ಪುಸ್ತಕವೇನೂ ಸಹಾಯ ಮಾಡಲಿಲ್ಲ. ಪ್ರೌಢಶಾಲೆಯಲ್ಲಿ ಒಬ್ಬ ಮೇಷ್ಟ್ರು ಮಾಡಿದರು. ನಾನು ಉತ್ತರ ಹೇಳಲು ಎದ್ದರೆ ಅವರು ವಾಕ್ಯ ಮುಗಿಸಿಕೊಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. ಅವರು ಕಾಯುವುದನ್ನು ಕಂಡು ತರಗತಿಯೂ ಕಾಯಲು ಕಲಿಯಿತು.

ಆದ್ದರಿಂದ ದೊಡ್ಡವರು ಬದಲಾಗಬೇಕು ಎಂಬ ಮಾತನ್ನು ಈಗಲೂ ಬಿಡುವುದಿಲ್ಲ. ಆದರೆ ಗ್ರಂಥಾಲಯದವರ ಹತ್ತು ನಿಮಿಷ, ಅಕ್ಕೋರ ಆಡಿನ ಮರಿ, ಇವನ್ನು ಓದಿದ ಮೇಲೆ ನನ್ನ ಮೇಷ್ಟ್ರು ಮಾಡಿದ್ದೂ ಅದೇ ಕೆಲಸ ಅನ್ನಿಸುತ್ತಿದೆ.

ಸಿಂದಗಿ ಅಕ್ಕೋರು
ಗುರುವಾರ, ಬೆಳಿಗ್ಗೆ 7:02

ಸರ್, ನನ್ನ ತರಗತಿಯಲ್ಲಿ ಉಗ್ಗುವ ಹುಡುಗ ಒಬ್ಬನಿದ್ದಾನೆ. ಅವನ ವಾಕ್ಯಗಳನ್ನು ನಾನು ಪ್ರೀತಿಯಿಂದಲೇ ಮುಗಿಸಿಕೊಡುತ್ತಿದ್ದೆ. ಇಂದಿನಿಂದ ನಿಲ್ಲಿಸುತ್ತೇನೆ.

ಒಂದು ಸಾಲಿನವ
ಗುರುವಾರ, ಬೆಳಿಗ್ಗೆ 7:30

ಮಾತು ಎಲ್ಲೋ ಹೋಗುತ್ತದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ: ಗೋಕಾಕದಲ್ಲಿ ಮರದಿಂದ ಮಾಡುವ ಹಣ್ಣುಗಳು, ಆಟಿಕೆಗಳು ಈಗ ಎಲ್ಲಿ ಸಿಗುತ್ತವೆ? ಮಗಳಿಗೆ ಪ್ಲಾಸ್ಟಿಕ್ ಬೇಡ ಅನ್ನಿಸಿದೆ.

ಘಟಪ್ರಭಾ ದಂಡೆ
ಗುರುವಾರ, ಬೆಳಿಗ್ಗೆ 8:11

ಊರಿಗೆ ಬನ್ನಿ, ಮಾಡುವವರ ಮನೆಗೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಜಲಪಾತಕ್ಕೂ ಹೋಗಬಹುದು, ಮಳೆಗಾಲದಲ್ಲಿ ಬಂದರೆ ಚೆನ್ನ. ಕರದಂಟು ನನ್ನ ಲೆಕ್ಕದಲ್ಲಿ.

ನವನಗರದ ತಾಯಿ, ನಿಮಗೆ ಒಂದು ಉಪಾಯ. ರಂಗೋಲಿ ಹುಡುಗನ ಪುಸ್ತಕ ಸಿಗದಿದ್ದರೆ ಮಾಡಿಬಿಡಿ. ಒಂದು ಎ4 ಹಾಳೆಯನ್ನು ಅಡ್ಡಲಾಗಿ, ಉದ್ದಲಾಗಿ ಮಡಚಿ ಎಂಟು ಚೌಕ ಮಾಡಿ, ನಡುವಿನ ಗೆರೆಯನ್ನು ಎರಡು ಚೌಕದಷ್ಟು ಕತ್ತರಿಸಿ, ಮತ್ತೆ ಮಡಚಿದರೆ ಮುಖಪುಟ ಸೇರಿ ಎಂಟು ಪುಟದ ಪುಟ್ಟ ಪುಸ್ತಕ. ಅಂಟೂ ಬೇಡ, ಪಿನ್ನೂ ಬೇಡ.

ನವನಗರದ ತಾಯಿ
ಮುಂದಿನ ಭಾನುವಾರ, ರಾತ್ರಿ 8:50

ಎಲ್ಲರಿಗೂ ಉತ್ತರಿಸಲು ತಡವಾಯಿತು. ಪ್ರತಿಯೊಂದನ್ನೂ ಎರಡೆರಡು ಸಲ ಓದಿದ್ದೇನೆ.

ಸ್ಟೋರಿವೀವರಿನಿಂದ ಆರು ಕಥೆ ಮುದ್ರಿಸಿ ತಂದೆ. ಮಂಚದ ಸರಳಿಗೆ ಸುತಳಿ ಕಟ್ಟಿ ಕ್ಲಿಪ್ಪಿನಿಂದ ತೂಗುಹಾಕಿದೆ. "ಓದು" ಎನ್ನಲಿಲ್ಲ. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಒಂದನ್ನು ಎಳೆದುಕೊಂಡು ಬಂದ. ನಾನು ಅಕ್ಷರ ಓದಿ ಸುಮ್ಮನೆ ಕಾದೆ. ಅವನು ಒಂದೊಂದು ಪುಟದಲ್ಲಿ ಇಷ್ಟು ಹೊತ್ತು ನಿಲ್ಲುತ್ತಾನೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಒಂದು ಚಿತ್ರದಲ್ಲಿ ಅಪ್ಪ ಮಗಳಿಗೆ ಜಡೆ ಹೆಣೆಯುತ್ತಿದ್ದ. ಕಥೆ ಬೇರೆಯದೇ. "ಅವ್ವಾ, ಅಪ್ಪನಿಗೆ ಜಡೆ ಬರುತ್ತದೆಯೇ?" ಎಂದ. "ಕೇಳು" ಎಂದೆ. ಹೋಗಿ ಕೇಳಿದ. ನನ್ನ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗ್ಗ ಹೊಸೆಯಲು ಬರುತ್ತದೆ, ಮೂರು ಎಳೆ ಅದಕ್ಕೂ ಬೇಕು" ಎಂದರು. ಹಿತ್ತಲಿನಿಂದ ಪುಂಡಿನಾರು ತಂದು ಇಬ್ಬರೂ ಕುಳಿತು ಹೊಸೆದರು.

ಮದುವೆಯಲ್ಲಿ ಆ ಮಾತು ಹೇಳಿದವರು ನನ್ನ ಯಜಮಾನರ ಕಾಕಾ. ಶುಕ್ರವಾರ ಮನೆಗೆ ಬಂದಿದ್ದರು. ಚಹಾ ಕೊಟ್ಟು ಕುಳಿತು, "ಕಾಕಾ, ಅಂದು ನೀವು ಹಾಗೆ ಹೇಳಿದ್ದರಿಂದ ಹುಡುಗ ರಂಗೋಲಿ ಬಿಟ್ಟಿದ್ದಾನೆ" ಎಂದೆ. ಕೈ ನಡುಗುತ್ತಿತ್ತು. ಅವರಿಗೆ ನೆನಪೇ ಇರಲಿಲ್ಲ. "ತಮಾಷೆಗೆ ಅಂದಿರಬೇಕು" ಎಂದರು, ಚಹಾ ಕುಡಿದು ಹೋದರು. ಹೇಳಿದ್ದರಿಂದ ಅವರೇನೂ ಬದಲಾದಂತೆ ಕಾಣಲಿಲ್ಲ. ಆದರೆ ಮಗ ಬಾಗಿಲಿನ ಹಿಂದೆ ನಿಂತು ಕೇಳುತ್ತಿದ್ದ.

ಘಟಪ್ರಭಾ ಅಣ್ಣನ ಎಂಟು ಪುಟದ ಪುಸ್ತಕ ಮಾಡಿದೆವು. ಅವನೇ ಬಿಡಿಸಿದ. ರಂಗೋಲಿಯ ಕಥೆ ಬರೆಯುತ್ತಾನೆ ಎಂದುಕೊಂಡಿದ್ದೆ, ಬರೆದದ್ದು ಹಗ್ಗದ ಕಥೆ. ಹಗ್ಗ ಆಲಮಟ್ಟಿಯ ಹಿನ್ನೀರಿನವರೆಗೆ ಹೋಗಿ ಒಂದು ಮೀನನ್ನು ಭೇಟಿಯಾಗಿ ಬರುತ್ತದೆ. ಹಗ್ಗ ಹೊರಡುವ ಮನೆಯ ಮುಂದೆ ಐದು ಚುಕ್ಕಿ ಇವೆ. ಎಳೆ ಇನ್ನೂ ಎಳೆದಿಲ್ಲ.

ಕಂಡಿಕೆ
ಭಾನುವಾರ, ರಾತ್ರಿ 9:03

ಅವನಿಗೆ ಅದನ್ನು ನೆನಪಿಸಬೇಡಿ ಅಕ್ಕಾ.

ನವನಗರದ ತಾಯಿ
ಭಾನುವಾರ, ರಾತ್ರಿ 9:05

ಇಲ್ಲ, ನೆನಪಿಸುವುದಿಲ್ಲ.

ಸಿಂದಗಿ ಅಕ್ಕೋರು
ಭಾನುವಾರ, ರಾತ್ರಿ 9:20

ಅವನು ಒಪ್ಪಿದರೆ ಹಗ್ಗದ ಕಥೆಯ ಒಂದು ನಕಲು ಪ್ರತಿ ನಮ್ಮ ಮಕ್ಕಳಿಗೆ ಬೇಕು. ಬದಲಿಗೆ ತಾಂಡಾದ ಹುಡುಗರು ಟ್ರ್ಯಾಕ್ಟರಿನ ಪುಸ್ತಕ ಮಾಡುತ್ತಿದ್ದಾರೆ, ಅದನ್ನು ಕಳುಹಿಸುತ್ತೇನೆ.

ಮುತ್ಯಾ, ಜಮಖಂಡಿ
ಭಾನುವಾರ, ರಾತ್ರಿ 9:48

ಎಂಟು ಚೌಕ ಮಡಚುವುದು ನನಗೆ ತಿಳಿಯಲಿಲ್ಲ. ನಡುವಿನ ಗೆರೆ ಎಂದರೆ ಯಾವುದು? ಯಾರಾದರೂ ಫೋಟೋ ಹಾಕಿ. ಮೊಮ್ಮಗಳು ಎದ್ದು ಕುಳಿತಿದ್ದಾಳೆ, ಕತ್ತರಿ ಕೈಯಲ್ಲೇ ಇದೆ.